ಯಮನೂರಪ್ಪನ ಮೂರು ಪಂಚರ್

ಪಂಚರ್ ಹಾಕುವವನ ಸೈಕಲ್ಲೇ ಪಂಚರ್ ಆದರೆ ನಗದೆ ಇರುವುದು ಕಷ್ಟ. ನಾನಂತೂ ನಕ್ಕೆ. ಒಂದೇ ದಿನ ಮೂರು ಸಲ ನಕ್ಕೆ, ಅದರಲ್ಲೂ ಮೂರನೆಯ ಸಲ ನಾಲ್ಕು ಜನರ ಎದುರಿಗೆ. ಆ ನಗು ನೆನಪಾದರೆ ಈಗಲೂ ಮುಖ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಂಡು ಹಗುರಾಗೋಣ ಎಂದುಕೊಂಡಿದ್ದೇನೆ.

ನಾನು ಗಂಗಾವತಿಯ ಒಂದು ಸರ್ಕಾರಿ ಕಚೇರಿಯಲ್ಲಿ ಶಿರಸ್ತೇದಾರ. ವಯಸ್ಸು ಐವತ್ತೆರಡು. ನಾನು ಕುರ್ಚಿ ಬಿಟ್ಟವನಲ್ಲ, ಕುರ್ಚಿ ನನ್ನನ್ನು ಬಿಟ್ಟದ್ದಲ್ಲ. ನಮ್ಮಿಬ್ಬರ ನಡುವೆ ಸಕ್ಕರೆ ಕಾಯಿಲೆ ಬಂದು ಕೂತಿತು. ಡಾಕ್ಟರು ದಿನಾ ನಡೆಯಿರಿ ಎಂದರು. ಶಿರಸ್ತೇದಾರ ರಸ್ತೆಯಲ್ಲಿ ಕೈ ಬೀಸಿಕೊಂಡು ನಡೆದರೆ ಮರ್ಯಾದೆ ಉಳಿಯುತ್ತದೆಯೇ? ದಪ್ಪ ಟೈರಿನ ಗೇರ್ ಸೈಕಲ್ ಕೊಂಡೆ. ಅದರ ಚೈನು, ಬ್ರೇಕು ನೋಡಿಕೊಳ್ಳುತ್ತಿದ್ದವನು ಬಸ್ ಸ್ಟ್ಯಾಂಡ್ ಹತ್ತಿರ ಪಂಚರ್ ಅಂಗಡಿ ಇಟ್ಟಿದ್ದ ಯಮನೂರಪ್ಪ. ನಲವತ್ತರ ಆಳು, ಒಣ ಮೈ, ಗುಡ್ಡ ಹತ್ತುವಾಗಲೂ ಮಾತು ನಿಲ್ಲಿಸದಷ್ಟು ದಮ್ಮು. ಬೆಳಿಗ್ಗೆ ಇಬ್ಬರೂ ಕಾಲುವೆಯ ದಂಡೆ ಗುಂಟ ಸೈಕಲ್ ತುಳಿಯುವುದು ರೂಢಿಯಾಯಿತು.

ಹೀಗಿರುವಾಗ ಜೋಡಿ ಸೈಕಲ್ ಓಟದ ಸುದ್ದಿ ಬಂತು. ಹನುಮನಹಳ್ಳಿಯಿಂದ ಹೊರಟು, ಹೇಮಗುಡ್ಡ ಹತ್ತಿ, ಹುಲಿಹೈದರ ಮುಟ್ಟಿ ವಾಪಸು. ನೂರು ಕಿಲೋಮೀಟರು, ಬಹುಪಾಲು ಕಲ್ಲು, ಕಾಲುದಾರಿ, ಜಾಲಿ ಕಂಟಿ. ಒಂಬತ್ತು ತಾಸಿನೊಳಗೆ ಇಬ್ಬರೂ ಕೂಡಿಯೇ ಗೆರೆ ದಾಟಬೇಕು. ಒಬ್ಬ ಕೈಬಿಟ್ಟರೆ ಇಬ್ಬರೂ ಹೊರಗೆ. ಕೈಬಿಟ್ಟವರನ್ನು ತುಂಬಿಕೊಂಡು ಬರಲು ಹಿಂದೆ ಒಂದು ಟ್ರ್ಯಾಕ್ಸ್ ಗಾಡಿ. ಹುರುಪಿನಲ್ಲಿ ಯಮನೂರಪ್ಪನನ್ನು ಕೇಳಿದೆ. "ಆತ್ ರಿ ಸರ" ಎಂದುಬಿಟ್ಟ. ಎರಡು ದಿನದ ಮೇಲೆ ಕೊಪ್ಪಳದ ಒಬ್ಬ ಗಟ್ಟಿಮುಟ್ಟಾದ ಪೊಲೀಸ್ ಪೇದೆ ಅವನ ಅಂಗಡಿಗೇ ಬಂದು, "ಯಮನೂರಣ್ಣ, ನಾವಿಬ್ರೂ ಕೂಡಿದ್ರ ಮೊದಲ್ನೇ ನಂಬರ್ ನಮ್ದ" ಎಂದನಂತೆ. "ಸಾಹೇಬ್ರಿಗೆ ಮಾತ್ ಕೊಟ್ಟೀನಿ" ಎಂದು ಇವನು ಚಹಾ ಕುಡಿಸಿ ಕಳಿಸಿದನಂತೆ.

ಮನೆಯಲ್ಲಿ ಹೆಂಡತಿ, "ನಾಳಿ ಮೊಣಕಾಲಿಗೆ ಎಣ್ಣಿ ತಿಕ್ಕೂದು ನಾನ ಅಲ್ರಿ?" ಎಂದಳು. ಕಚೇರಿಯಲ್ಲಿ, "ಸಾಹೇಬ್ರು ಟ್ರ್ಯಾಕ್ಸಿನ್ಯಾಗ ಆರಾಮ ಬರ್ತಾರ ಬಿಡ್ರಿ" ಎಂಬ ಗುಸುಗುಸು ಕಿವಿಗೆ ಬಿತ್ತು. ನನಗೆ ಬಹುಮಾನದ ಆಸೆಯೇನೂ ಇರಲಿಲ್ಲ. ಆ ಟ್ರ್ಯಾಕ್ಸ್ ಹತ್ತಬಾರದು, ಅಷ್ಟೇ.

ಓಟ ಶುರುವಾದದ್ದು ಹನುಮನಹಳ್ಳಿಯ ಅಂಜನಾದ್ರಿಯ ಬುಡದಲ್ಲಿ. ವಾಯುಪುತ್ರ ಹುಟ್ಟಿದ್ದು ಇಲ್ಲೇ ಎಂದು ನಮ್ಮ ಕಡೆಯವರ ನಂಬಿಕೆ. ಗಾಳಿಯ ಮಗ ಸಮುದ್ರವನ್ನೇ ಹಾರಿದ. ಗಾಳಿಯನ್ನೇ ನಂಬಿ ಹೊರಟ ನಾವು ಒಂದು ಜಾಲಿ ಮುಳ್ಳು ದಾಟಲಾರೆವು. ಯೋಗ ಬಲ್ಲವರು ದೇಹದಲ್ಲಿ ಐದು ವಾಯುಗಳಿವೆ ಎನ್ನುತ್ತಾರೆ: ಪ್ರಾಣ, ಅಪಾನ ಇತ್ಯಾದಿ. ಹೇಮಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ನನ್ನೊಳಗಿನ ಐದೂ ಒಟ್ಟಿಗೇ ರಾಜೀನಾಮೆ ಬರೆಯಲು ಕೂತಿದ್ದವು. ಅಷ್ಟರಲ್ಲಿ ಯಮನೂರಪ್ಪನ ಹಿಂದಿನ ಟೈರು ಬುಸ್ಸೆಂದಿತು.

"ಮುಳ್ಳು ಹೊಡೀತ್ರಿ ಸರ."

ಅವನು ಟ್ಯೂಬ್ ಬದಲಿಸುವವರೆಗೆ ಬೇವಿನ ಗಿಡದ ಕೆಳಗೆ ಕೂತು ಶೇಂಗಾ ಚಿಕ್ಕಿ ತಿಂದೆ. ಬಿಚ್ಚಿದ ಟ್ಯೂಬನ್ನು ನನ್ನ ಚೀಲದಲ್ಲಿ ಹಾಕಿಕೊಂಡೆ. ಪಂಪು, ಪಾನಾ, ಹೊಸ ಟ್ಯೂಬುಗಳಿಂದ ಅವನ ಚೀಲ ತುಂಬಿತ್ತು. ಆಮೇಲೆ ನೋಡಿ, ಎಲ್ಲೂ ಕಾಲು ಊರದೆ ಹೇಮಗುಡ್ಡ ಹತ್ತಿದೆ! ಮೇಲೆ ನಿಂತು, "ನಿನ್ನ ಟ್ಯೂಬಿಗೆ ದಮ್ಮಿಲ್ಲಲೇ, ನನಗೈತಿ" ಎಂದು ನಕ್ಕೆ. ಅವನು ನನ್ನನ್ನೇ ಒಂದು ಕ್ಷಣ ನೋಡಿ, "ಹೌದ್ರಿ ಸರ" ಎಂದ.

ಎರಡನೆಯದು ಹುಲಿಹೈದರ ಬಿಟ್ಟ ಮೇಲೆ. ಬಿಸಿಲು ನೆತ್ತಿಗೇರಿ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. 'ಸಾಕಪ್ಪಾ, ಸ್ವಲ್ಪ ನಿಲ್ಲು' ಎನ್ನಬೇಕು, ನಾಲಿಗೆ ಏಳದು. ಜೀವನವಿಡೀ ಬೇರೆಯವರಿಗೆ 'ನಿಲ್ರಿ' ಎಂದು ಹೇಳಿದವನು ತನ್ನನ್ನು ನಿಲ್ಲಿಸಿಕೊಳ್ಳಲು ಬೇಡುವುದು ಹೇಗೆ? ಕಾಲು ಹಿಡಿದುಕೊಂಡಿದೆ ಎಂದು ಸುಳ್ಳು ಹೇಳಲೇ ಎಂದು ಯೋಚಿಸುತ್ತಿರುವಾಗಲೇ ಮುಂದಿದ್ದ ಯಮನೂರಪ್ಪ ಇಳಿದು ಬಗ್ಗಿದ. "ಮತ್ತ ಹೋತ್ರಿ ಸರ."

ನನಗೆ ಜೀವ ಬಂತು, ಜೊತೆಗೆ ಬಾಯಿಯೂ ಬಂತು. "ಊರ ಮಂದಿ ಪಂಚರ್ ಹಾಕ್ತಿ, ನಿಂದ ನಿನಗ ನೋಡ್ಕೊಳ್ಳಾಕ ಆಗಂಗಿಲ್ಲೇನೋ?"

"ತಪ್ಪಾತ್ರಿ. ನೀವು ನೆಳ್ಳಾಗ ಕೂಡ್ರಿ."

ಅಂಗಡಿಯಲ್ಲಿ ಫೋನಿನಲ್ಲಿ ಮಾತಾಡುತ್ತಲೇ ಕಣ್ಣು ಮುಚ್ಚಿ ಟ್ಯೂಬ್ ಬದಲಿಸುವ ಮನುಷ್ಯ ಅಂದು ಅಕ್ಕಿಯಲ್ಲಿ ಹರಳು ಆರಿಸಿದಂತೆ ಟೈರಿನ ಒಳಗೆಲ್ಲ ಬೆರಳಾಡಿಸುತ್ತಾ ಕೂತ. ವಯಸ್ಸಾಯಿತು ಇವನಿಗೆ ಎಂದುಕೊಂಡೆ.

ಮೂರನೆಯದು ಕೊನೆಯ ಹತ್ತು ಕಿಲೋಮೀಟರಿನಲ್ಲಿ, ನೀರು ಕೊಡುವ ಜಾಗದಲ್ಲಿ. ಬೇರೆ ಎರಡು ಜೋಡಿಗಳು ಅಲ್ಲಿ ನೀರು ಕುಡಿಯುತ್ತಿದ್ದವು. ಹಿಂದೆ ದೂರದಲ್ಲಿ ಟ್ರ್ಯಾಕ್ಸಿನ ಧೂಳು ಕಾಣುತ್ತಿತ್ತು. ನಾನು ಅವರೆಲ್ಲರಿಗೂ ಕೇಳಿಸುವಂತೆ, "ಪಂಚರ್ ಅಂಗಡಿ ಮಾಲಕರನ್ನ ನೋಡ್ರಿ! ಇವತ್ತಿಗೆ ಇದು ಮೂರ್ನೇದು. ಅಂಗಡಿಗೆ ಬೀಗ ಜಡಿಯೂದ ಛಲೋ" ಎಂದೆ. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಮನೂರಪ್ಪನೂ ನಕ್ಕ.

ಆರು ನಿಮಿಷ ಉಳಿದಿರುವಾಗ ಇಬ್ಬರೂ ಗೆರೆ ದಾಟಿದೆವು. ಸೋಮವಾರ ಕಚೇರಿಯಲ್ಲಿ ಮೂರು ಪಂಚರಿನ ಕಥೆಗೆ ಉಪ್ಪು ಖಾರ ಹಚ್ಚಿ ಹೇಳಿದೆ. ವಾರದೊಳಗೆ ಅದು ಊರೆಲ್ಲ ಸುತ್ತಿತು.

ಮುಂದಿನ ಭಾನುವಾರ ಚೀಲ ಝಾಡಿಸಿದಾಗ ಅಂದು ಬಿಚ್ಚಿ ಹಾಕಿಕೊಂಡಿದ್ದ ಮೂರೂ ಟ್ಯೂಬ್ ಹೊರಗೆ ಬಿದ್ದವು. ಪಾಪ, ನಾನೇ ಪಂಚರ್ ಹಾಕಿ ಕೊಟ್ಟು ಅವನಿಗೊಂದು ಉಪಕಾರ ಮಾಡೋಣವೆಂದು ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಅದ್ದಿದೆ. ಮೊದಲನೆಯದರಲ್ಲಿ ಗುಳುಗುಳು ಗುಳ್ಳೆ ಎದ್ದವು. ಎರಡನೆಯದನ್ನು ಮೂರು ಸುತ್ತು ತಿರುಗಿಸಿದೆ. ಒಂದು ಗುಳ್ಳೆಯೂ ಇಲ್ಲ. ಮೂರನೆಯದರಲ್ಲೂ ಇಲ್ಲ. "ತೂತ ಇಲ್ದ ಟ್ಯೂಬಿನ್ಯಾಗ ಏನ್ ಹುಡುಕ್ತೀರಿ?" ಎಂದಳು ಹೆಂಡತಿ. ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದರೂ ಎರಡೂ ಗಟ್ಟಿಯಾಗಿಯೇ ಇದ್ದವು.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಅವನೇ ಗಾಳಿ ಬಿಟ್ಟಿದ್ದ. ನಿಲ್ಲೋಣ ಎಂದು ನಾನು ಹೇಳುವವನಲ್ಲ. 'ದಣಿದೀರಿ, ಕೂಡ್ರಿ' ಎಂದು ಅವನು ಹೇಳಿದ್ದರೆ ಸಿಟ್ಟಾಗುವವನು ನಾನು. ಹೊಟ್ಟೆಗೆ ಅನ್ನ ಹಾಕುವ ಕಸುಬಿನ ಹೆಸರನ್ನೇ ನಗೆಪಾಟಲಿಗೆ ಬಿಟ್ಟುಕೊಟ್ಟು ನನಗೆ ಉಸಿರಾಡಲು ಹತ್ತು ಹತ್ತು ನಿಮಿಷ ತಂದುಕೊಟ್ಟಿದ್ದ. ಬಕೆಟ್ಟಿನ ಪಕ್ಕ ಕೂತು ಅತ್ತೆ. ಹೇಳಲು ನಾಚಿಕೆಯೇನಿಲ್ಲ.

ನೆಟ್ಟಗೆ ಅಂಗಡಿಗೆ ಹೋದೆ. ಗಿರಾಕಿಯೊಬ್ಬ, "ಮೂರ್ ಸಲ ಪಂಚರ್ ಆತಂತಲ್ಲೋ ನಿಂದು?" ಎಂದು ಕಾಡುತ್ತಿದ್ದ. "ಹೌದ್ರಿ, ಟ್ಯೂಬ್ ಹಳೇವಿದ್ವು" ಎನ್ನುತ್ತಿದ್ದ ಯಮನೂರಪ್ಪ. ಎರಡು ಟ್ಯೂಬುಗಳನ್ನು ಅವನ ಮುಂದೆ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಟ್ಯೂಬ್ ಛಲೋ ಅದಾವ. ಪಂಚರ್ ಆಗಿದ್ದು ನಾನು."

ಅವನು ತಲೆ ಎತ್ತಲಿಲ್ಲ. ಸ್ವಲ್ಪ ಬೇಸರದಿಂದಲೇ, "ಅವನ್ನ ಯಾಕ ನೀರಾಗ ಹಾಕಾಕ ಹೋದ್ರಿ ಸರ?" ಎಂದ.

ನಮ್ಮ ಕಚೇರಿ ಇರುವುದು ಮಹಡಿಯ ಮೇಲೆ. ದೂರದ ಹಳ್ಳಿಗಳಿಂದಲೂ ಹಿರಿಯರು ಹಳೆಯ ಕಾಗದಪತ್ರ ಹಿಡಿದು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುತ್ತಾರೆ. 'ದಣಿವಾರಿಸಿಕೊಳ್ಳಿ' ಎಂದರೆ ಕೆಲವರಿಗೆ ಅವಮಾನ. ನಾನೀಗ ಬೆಂಚು ತೋರಿಸಿ, ಮೇಜಿನ ಮೇಲೆಯೇ ಇರುವ ಅವರ ಫೈಲನ್ನು ಕಪಾಟಿನಲ್ಲಿ ಐದು ನಿಮಿಷ ಹುಡುಕುತ್ತೇನೆ. ಇವರಿಗೆ ಒಂದು ಫೈಲು ನೆಟ್ಟಗೆ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಅವರು ಗೊಣಗುತ್ತಾರೆ. ಗೊಣಗಲಿ, ಗೊಣಗುವುದಕ್ಕೂ ದಮ್ಮು ಬೇಕಲ್ಲ.