ಇವತ್ತು ಎಲ್ಲಿ ಹಾಲ್ಟು?

ತೂಕದ ಯಂತ್ರ ರಿಪೇರಿ ಮಾಡೋ ನನಗೆ ಒಂದಿನ ಚಿಂತಾಮಣಿ, ಒಂದಿನ ಶಿಡ್ಲಘಟ್ಟ. ಆವತ್ತು ಗೌರಿಬಿದನೂರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ಟೀ ಕುಡಿಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಕಂಡಕ್ಟರ್ ಕೇಳಿದರು, "ಇವತ್ತು ನಿಮ್ಮ ಹಾಲ್ಟು ಎಲ್ಲಿ ಸಾರ್?"

"ಇಲ್ಲೇ ಲಾಡ್ಜಲ್ಲಿ," ಅಂದೆ. ಬೆಳಿಗ್ಗೆಯಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮಾತು ಮುಗಿದುಹೋಗಬಾರದು ಅಂತ ಮೊಬೈಲ್ ತೆಗೆದು 'ಹಾಲ್ಟ್' ಪದದ ಮೂಲ ಹುಡುಕಿದೆ. "ನೋಡಿ, ಇದು ಜರ್ಮನ್ನಿಂದ ಬಂದದ್ದಂತೆ. ಸೈನಿಕರಿಗೆ ನಿಲ್ಲಿ ಅನ್ನೋಕೆ ಕೂಗುತ್ತಿದ್ದರಂತೆ. ಆದರೆ ಮೂಲದಲ್ಲಿ ಅದರ ಅರ್ಥ ಹಿಡಿದುಕೊಳ್ಳೋದು."

ಅವರು ಲೋಟ ಕೆಳಗಿಟ್ಟರು. "ಸರಿಯಾಗೇ ಐತೆ ಬಿಡಿ. ನಮ್ಮ ಬಸ್ಸು ನಗರಗೆರೆ ಕಡೆ ಒಂದು ಹಳ್ಳೀಲಿ ಹಾಲ್ಟು. ನಂಗೂ ಡ್ರೈವರ್‌ಗೂ ಊರೋರೇ ದಿನಕ್ಕೊಂದು ಮನೆಯಂಗೆ ಊಟ ಹಾಕ್ತಾರೆ. ಇವತ್ತಿನ ಸರದಿ ವೆಂಕಟಮ್ಮಂದು. ಬಸ್ ಲೇಟಾದ್ರೆ ಮುದ್ದೆ ಆರೋಯ್ತು ಅಂತ ಬೈತಾಳೆ ಆಯಮ್ಮ. ಹಂಗೆ ಹಿಡ್ಕೊಳ್ಳೋರು ಇದ್ರೆ ತಾನೇ ಸಾರ್ ಹಾಲ್ಟು? ಲಾಡ್ಜಲ್ಲಿ ನಿಮ್ಮನ್ನ ಯಾರು ಹಿಡ್ಕೋತಾರೆ? ಬನ್ನಿ, ನಮ್ಮ ಜೊತೆ ಹೋಗಣ."

ಹತ್ತಿಬಿಡಬೇಕು ಅನ್ನಿಸಿತು. ಗುರುತಿಲ್ಲದ ಮನೆಯ ಊಟಕ್ಕೆ ಹೋಗಲು ಸಂಕೋಚ. "ರೂಮಲ್ಲಿ ಬ್ಯಾಗಿದೆ," ಅಂದೆ.

"ನಿಮ್ಮಿಷ್ಟ ಸಾರ್," ಅಂತ ಅವರು ಹತ್ತಿಕೊಂಡರು. ಬಸ್ಸು ತಿರುವು ದಾಟೋವರೆಗೂ ನೋಡುತ್ತಾ ನಿಂತಿದ್ದೆ.

ಸುಳ್ಳು ಯಾಕೆ ಹೇಳಲಿ, ಲಾಡ್ಜಿನವರೂ ಹಿಡಿದಿಟ್ಟುಕೊಂಡರು. ಬೆಳಿಗ್ಗೆ ರೂಮು ಖಾಲಿ ಮಾಡೋವರೆಗೂ ನನ್ನ ಆಧಾರ್ ಕಾರ್ಡು ಮ್ಯಾನೇಜರ್ ಡ್ರಾಯರಿನಲ್ಲೇ ಇತ್ತು.