ಕರೆಂಟು ಹೋದರೆ ಗಣಿತ

ಬನಹಟ್ಟಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗಿರಿಮಲ್ಲಪ್ಪನವರ ಪವರ್‌ಲೂಮ್ ಶೆಡ್ಡಿನಲ್ಲಿ ನೇಕಾರ ಸಿದರಾಯ ಹರಿದ ಎಳೆಗೆ ಗಂಟು ಹಾಕುತ್ತಿದ್ದಾರೆ. ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಸದ್ದು ನಿಂತಿದ್ದೇ ತಡ, ಪಿಯುಸಿ ಗಣಿತದಲ್ಲಿ ಫೇಲಾಗಿ ಅಕ್ಟೋಬರ್ ಪರೀಕ್ಷೆಗೆ ಕಟ್ಟಿದ ಓಣಿಯ ಮಕ್ಕಳು ಪುಸ್ತಕ ಹಿಡಿದು ಓಡಿಬರುತ್ತಾರೆ. ಸಿದರಾಯ ಕೈ ಒರೆಸಿಕೊಂಡು ಚಾಕ್ ಎತ್ತಿಕೊಳ್ಳುತ್ತಾರೆ. ಬಾಗಿಲೇ ಹಲಗೆ.

"ಕರೆಂಟ ಹ್ವಾದ್ರ ನಾ ತಲಿ ಮ್ಯಾಲೆ ಕೈ ಇಟ್ಕೋತೀನಿ, ಇವು ಹಬ್ಬ ಮಾಡ್ತಾವು" ಎಂದು ನೋಡಲು ಬಂದ ನನಗೆ ಹೇಳುತ್ತಾರೆ ಗಿರಿಮಲ್ಲಪ್ಪ. ಬೈಯುವಂತಿಲ್ಲ, ಅವರ ಮಗಳು ಲಗಮವ್ವನೂ ಆ ಗುಂಪಿನಲ್ಲೇ ಇದ್ದಾಳೆ.

ಇಂದಿನ ಲೆಕ್ಕ: ಐವರು ಗೆಳೆಯರು ಒಂದೇ ಬೆಂಚಿನಲ್ಲಿ ಕೂರಬೇಕು, ಇಬ್ಬರು ಮಾತ್ರ ಪಕ್ಕಪಕ್ಕ ಬರಬಾರದು. ಎಷ್ಟು ಬಗೆ?

"ಆ ಇಬ್ಬರೂ ಜಗಳಾಡ್ಯಾರ ಅಂತ ತಿಳೀರಿ. ಮೊದಲ ಜಗಳಾ ಮರತು ಎಲ್ಲಾರನ್ನೂ ಕೂಡಸ್ರಿ, ನೂರಾ ಇಪ್ಪತ್ತು. ಆಮ್ಯಾಲೆ ಆ ಇಬ್ಬರನ್ನ ಒಂದ ಹಗ್ಗದಾಗ ಕಟ್ಟಿ ಕೂಡಸ್ರಿ, ನಲವತ್ತೆಂಟು. ಕಳದ್ರ ಎಪ್ಪತ್ತೆರಡು" ಎನ್ನುತ್ತಾರೆ ಸಿದರಾಯ.

"ಕಟ್ಟಿದ್ರ ಸುಮ್ಮನ ಕುಂಡ್ರತಾರೇನ್ರೀ?" ಗುಂಪಿನ ಹುಡುಗ ಜಕ್ಕಪ್ಪನ ಅನುಮಾನ.

"ನೀ ಕುಂಡ್ರಂಗಿಲ್ಲ ಬಿಡಲೇ. ಪುಸ್ತಕದಾಗಿನವ್ರು ಕುಂಡ್ರತಾರ."

ತಂದೆ ಹಾಸಿಗೆ ಹಿಡಿದ ವರ್ಷ ಸಿದರಾಯ ಕಾಲೇಜು ಬಿಟ್ಟು ಮಗ್ಗಕ್ಕೆ ನಿಂತರು. ಅವರ ಬಳಿ ಕಲಿತವರು ಪಾಸಾಗಿ ಜಮಖಂಡಿಗೆ ಡಿಗ್ರಿ ಓದಲು ಹೋಗುತ್ತಾರೆ. ಸಿದರಾಯ ಮಾತ್ರ ಎರಡು ಸಲ ಪಿಯುಸಿ ಗಣಿತದಲ್ಲಿ ಫೇಲ್.

ಏಪ್ರಿಲ್‌ನಲ್ಲಿ ಬರೆದ ಪರೀಕ್ಷೆಗೆ ಇದೇ ಲೆಕ್ಕ ಬಂದಿತ್ತು. ಉತ್ತರ ಬರೆದೂ ಆಗಿತ್ತು. "ಕಣ್ಣಿಲೆ ಒಮ್ಮಿ ನೋಡಬ್ಯಾಡೇನ್ರಿ?" ಎಂದು ಎಲ್ಲ ಬಗೆಗಳನ್ನೂ ಹೆಸರು ಸಮೇತ ಬರೆಯಲು ಕುಳಿತರು. "ಎಪ್ಪತ್ತೊಂದ ಬಂದೂರಿ. ಒಂದ ಎಲ್ಲಿ ಹೋತಂತ ಹುಡಕಾಕ ಹತ್ತಿದೆ. ಹಾಸಿನಾಗ ಒಂದ ಎಳಿ ಹರದ್ರ ಹಂಗ ನೇಯತೀವೇನ್ರಿ? ಮಗ್ಗಾ ನಿಂದ್ರಸೂದ." ಗಂಟೆ ಬಾರಿಸಿದಾಗಲೂ ಹುಡುಕುತ್ತಿದ್ದರು. ಸಂಭವನೀಯತೆಯ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ.

ಈಗ ನೇಕಾರರ ಸಂಘದಲ್ಲಿ ಗುಮಾಸ್ತರ ಜಾಗ ಖಾಲಿಯಿದೆ, ಪಿಯುಸಿ ಪಾಸಾಗಿರಬೇಕು. ಸಿದರಾಯರೂ ಕಟ್ಟಿರುವ ಅಕ್ಟೋಬರ್ ಪರೀಕ್ಷೆಗೆ ಒಂದು ವಾರ. ಈ ಸಲ ತಪ್ಪಿದರೆ ಆ ಕುರ್ಚಿ ಇನ್ಯಾರದೋ. ಹಾಗಾಗಿ ಶಿಷ್ಯರೇ ಗುರುವನ್ನು ತಿದ್ದಲು ಹೊರಟಿದ್ದಾರೆ.

ಲಗಮವ್ವ ನೂಲು ಸುತ್ತಿದ ಕಂಡಿಕೆಗಳನ್ನು ಬುಟ್ಟಿಗೆ ಹಾಕುತ್ತಾಳೆ: ನಾಲ್ಕು ಕೆಂಪು, ಮೂರು ಬಿಳಿ. ನೋಡದೆ ಎರಡು ತೆಗೆದರೆ ಎರಡೂ ಕೆಂಪಾಗುವ ಸಂಭವ ಎಷ್ಟು? ಸಿದರಾಯ ಬಾಗಿಲ ಮೇಲೆ ಏಳರಲ್ಲಿ ಎರಡು ಎಂದು ಬರೆಯುತ್ತಾರೆ. ಉತ್ತರ ಸರಿ. ಆದರೆ ಕೈ ಮೆಲ್ಲಗೆ ಬುಟ್ಟಿಯತ್ತ ಹೋಗುತ್ತದೆ.

"ಅಣ್ಣಾ, ಕೈ ಹಿಂದಕ ತಗೀರಿ."

"ಒಂದೀಟು ತಗದು ನೋಡತೀನಿ ತಡಿ ತಂಗಿ."

"ಪರೀಕ್ಷಾಕ್ಕ ಬುಟ್ಟಿ ಒಯ್ಯಾವ್ರ ಏನು? ಮುಂದಿನ ಲೆಕ್ಕಕ್ಕ ನಡೀರಿ."

ಜಕ್ಕಪ್ಪ ಬುಟ್ಟಿಯನ್ನೇ ತಬ್ಬಿಕೊಂಡು ಕೂರುತ್ತಾನೆ. ಸಿದರಾಯ ಅದನ್ನೊಮ್ಮೆ ಆಸೆಯಿಂದ ನೋಡಿ, ಪುಟ ತಿರುವುತ್ತಾರೆ. ಮಕ್ಕಳು ಉಸಿರು ಬಿಡುತ್ತಾರೆ.

ಪಾಸಾದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ಚಾಕಿನ ಪುಡಿ ಝಾಡಿಸಿಕೊಳ್ಳುತ್ತಾರೆ.

"ನೌಕರಿ ಸಿಕ್ರ ಛಲೋನ ಆತು ಬಿಡ್ರಿ. ಪ್ರತಿ ಸಲ ರಿಸಲ್ಟ್ ಬಂದಾಗ ನಮ್ಮ ಗಿರಿಮಲ್ಲಪ್ಪ ಸಾವಕಾರ್ರು ಕೇಳತಾರ, ನಿನ್ನ ಮಂದ್ಯಾಗ ಎಷ್ಟ ಮಂದಿ ಪಾಸಾದ್ರೋ ಅಂತ. ಒಬ್ಬನ್ನ ಬಿಟ್ಟು ಎಲ್ಲಾರೂ ಅಂತೀನಿ. ಈ ಸಲ ಬರೇ ಎಲ್ಲಾರೂ ಅನ್ನಬೇಕಂತ ಐತ್ರಿ."