ಬಾಯಾರು ಸಾಕಿದ ಎಣ್ಣೆಬಾಕರು

ಇಂದಿರಾಬಾಯಿಯವರು ಮನುಷ್ಯರನ್ನು ಮಾತಾಡಿಸುವ ಮೊದಲು ಮಣ್ಣು ಮೂಸುತ್ತಿದ್ದರು. ತಾರ್ನಾಕದ ನನ್ನ ಬೈಕ್ ಶೆಡ್ಡಿಗೆ ಸ್ಕೂಟರ್ ರಿಪೇರಿಗೆಂದು ಬಂದವರು, ಎಣ್ಣೆ ಕುಡಿದು ಕಪ್ಪಾದ ನೆಲದಿಂದ ಚಿಟಿಕೆ ಎತ್ತಿ ಮೂಗಿಗೆ ಹಿಡಿದರು.

"ಭಾಳ ಚಲೋ ಐತಿ. ಎಷ್ಟು ವರ್ಷದ್ದಪಾ ಇದು?"

ಆ ನೆಲದಿಂದಲೇ ನನಗೆ ಕುತ್ತು ಬಂದಿತ್ತು. ಹಳೇ ಎಂಜಿನ್ ಆಯಿಲ್ ಮಳೆ ನೀರಿನಲ್ಲಿ ಹರಿದು ಹಿಂದಿನ ಮನೆಯವರ ಗಿಡ ಸುಟ್ಟಿತ್ತು. ದಸರೆಯೊಳಗೆ ನೆಲ ಸ್ವಚ್ಛ ಮಾಡು, ಇಲ್ಲಾ ಶೆಡ್ ಖಾಲಿ ಮಾಡು ಎಂದು ಜಾಗದ ಮಾಲೀಕ ಹೇಳಿದ್ದ.

ಬಾಯಾರು ಕಲಬುರಗಿ ಕಡೆಯವರು. ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳಿ ನಿವೃತ್ತರಾದವರು.

"ಈ ಎಣ್ಣಿ ತಿಂದು ಬದುಕೋ ಬ್ಯಾಕ್ಟೀರಿಯಾ ಇದರಾಗ ಅದಾವ. ಸಾಬೂನಿನಂಥಾದ್ದು ಬಿಡ್ತಾವ. ಅದು ಮಣ್ಣಿಗೆ ಹತ್ತಿದ ಎಣ್ಣಿ ಬಿಡಸ್ತೈತಿ."

ನಾನು ನಂಬಲಿಲ್ಲ. ಮುಂದಿನ ವಾರ ಆ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸಿದ ನೀರನ್ನು ಒಂದು ಬಾಟಲಿಯಲ್ಲಿ ತಂದರು. ನನ್ನ ಚಹಾ ಬಸಿಯಲ್ಲಿ ನೀರು ಹಾಕಿ, ಮೇಲೆ ಎಂಜಿನ್ ಆಯಿಲ್ ಹನಿಸಿ, ಬಾಟಲಿಯಿಂದ ಒಂದು ತೊಟ್ಟು ಬಿಟ್ಟರು. ಪೊಲೀಸರನ್ನು ಕಂಡ ತಳ್ಳುಗಾಡಿಯವರ ಹಾಗೆ ಎಣ್ಣೆ ಅಂಚಿಗೆ ಓಡಿತು.

ಅವನ್ನು ಹೆಚ್ಚಿಗೆ ಬೆಳೆಸಲು ಶೆಡ್ಡಿನಲ್ಲಿ ಒಂದು ಡ್ರಮ್ ಕೂತಿತು. ಗಾಳಿಗೆ ಮೀನಿನ ತೊಟ್ಟಿಯ ಪಂಪು, ಊಟಕ್ಕೆ ಬಜ್ಜಿ ಗಾಡಿಯ ಕರಿದ ಎಣ್ಣೆ. ಬಾಯಾರು ದಿನಾ ಬಂದು, "ನಮ್ಮ ಮಂದಿ ಉಂಡ್ರೇನಪಾ?" ಎನ್ನುವರು. ನಾನು ಉಂಡೆನೋ ಇಲ್ಲವೋ, ಕೇಳಲಿಲ್ಲ.

ಡ್ರಮ್ ನಾರತೊಡಗಿತು. ಗಿರಾಕಿಗಳು ಮೂಗು ಮುಚ್ಚಿಕೊಂಡರು. ತಡೆಯದೆ ಅದಕ್ಕೆ ಒಂದು ಬಾಟಲಿ ಫಿನಾಯಿಲ್ ಸುರಿದೆ. ಮರುದಿನ ಡ್ರಮ್ಮಿನಲ್ಲಿ ದಿನಾ ಏಳುತ್ತಿದ್ದ ನೊರೆಯೇ ಇಲ್ಲ.

"ಏನ್ ಹಾಕೀದಿ?"

"ಫಿನಾಯಿಲ್ ರೀ. ವಾಸನಿ ಬರಾಕತ್ತಿತ್ತು."

"ಮನಿಗೆ ಬಂದ ಬೀಗರು ಬೆವತಾರಂತ ವಿಷ ಹಾಕ್ತಿಯೇನೋ, ಮೂಳ!"

"ಹಂಗಾರ ಶೆಡ್ ಹೋತ್ರೀ ಬಾಯಾರ."

"ಸುಮ್ನ ಕೂಡು. ಮನ್ಯಾಗ ಫ್ರಿಜ್ಜಿನಾಗ ಇನ್ನೊಂದಿಷ್ಟು ಮಂದಿನ್ನ ಇಟ್ಟೀನಿ, ಮೊಸರಿನ ಬಾಜೂಕ. ನಮ್ಮ ಸೊಸಿಗೆ ಹೇಳಬ್ಯಾಡ."

ಹೊಸ ಡ್ರಮ್ ತುಂಬುವ ಹೊತ್ತಿಗೆ ದಸರೆಗೆ ಎರಡೇ ವಾರ ಉಳಿದಿತ್ತು. ನೆಲ ಅಗೆದು, ಮಣ್ಣನ್ನು ಟಬ್ಬಿಗೆ ಹಾಕಿ, ನೊರೆನೀರಿನಲ್ಲಿ ಕಲಸಿದೆ. ಬಾಯಾರು ಕುರ್ಚಿಯಲ್ಲಿ ಕೂತು, "ಹಿಟ್ಟು ನಾದಿದಂಗ ನಾದು!" ಎಂದು ಕೂಗಿದರು. ಎಣ್ಣೆ ಮೇಲೆ ತೇಲಿತು. ಬಳಿದು ಡಬ್ಬಿಗೆ ತುಂಬಿದೆ. ಮತ್ತೆ ನಾದಿದೆ. ರಟ್ಟೆ ಬಿದ್ದುಹೋದವು.

ಮಾಲೀಕ ಬಂದು ತಾನೇ ಒಂದು ಹಿಡಿ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕಿದ. ಬಗ್ಗಿ ನೋಡಿದ. ಎಣ್ಣೆಯ ಪೊರೆ ಕಾಣಲಿಲ್ಲ.

"ಠೀಕ್ ಹೈ, ರಹೋ," ಎಂದ.

ನಾನು ಕುಣಿದೆ. ಬಾಯಾರು ಮಾತ್ರ ಡ್ರಮ್ಮನ್ನು ಆಟೋಗೆ ಏರಿಸಿದರು. "ಇಲ್ಲೆ ಇನ್ನೇನೈತಿ ತಿನ್ನಾಕ?"

ಈಗ ದಿನಾ ಊರಿನ ಇನ್ನೊಂದು ತುದಿಯ ಕೂಕಟ್‌ಪಲ್ಲಿಯ ಒಬ್ಬ ಲಾರಿ ಮೆಕ್ಯಾನಿಕ್‌ನ ಶೆಡ್ಡಿಗೆ ಹೋಗುತ್ತಾರಂತೆ. ಚಹಾಕ್ಕೆ ಬನ್ನಿ ಎಂದು ಮೊನ್ನೆ ಫೋನ್ ಮಾಡಿದೆ.

"ಪುರುಸೊತ್ತಿಲ್ಲಪಾ. ಇವನ ನೆಲದಾಗ ಎರಡು ಅಡಿ ಆಳ ಎಣ್ಣಿ ಐತಿ!"

ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯಿತು.